ಕರ್ತೃಪದವುಳ್ಳ ದಬ್ಬಾಳಿಕೆ, ನಾಮಪದವಿಲ್ಲದ ಸ್ವಾತಂತ್ರ್ಯ: ‘ಹಲಗಲಿಯ ಬೇಡರು’ ಲಾವಣಿಯ ಭಾಷಿಕ ವಿಶ್ಲೇಷಣೆ

ಸಾರಾಂಶ

1857ರ ಹಲಗಲಿ ಬಂಡಾಯವನ್ನು ಕುರಿತ ಲಾವಣಿಯನ್ನು ಸಾಮಾನ್ಯವಾಗಿ ವೀರಗೀತೆಯಾಗಿ, ಸ್ವಾತಂತ್ರ್ಯ ಹೋರಾಟದ ದಾಖಲೆಯಾಗಿ ಓದುತ್ತ ಬಂದಿದ್ದೇವೆ. ಪ್ರಸ್ತುತ ಲೇಖನದಲ್ಲಿ ಅದರ ವ್ಯಾಕರಣವನ್ನು ಪರಿಶೀಲಿಸಿದ್ದೇವೆ. ಲಾವಣಿಯು ಘಟಪ್ರಭಾ ದಂಡೆಯ ಆಡುಮಾತಿನ ಆಖ್ಯಾತ ಪ್ರತ್ಯಯಗಳನ್ನು ಬಳಸುವುದರಿಂದ ಅಲ್ಲಿ ದಬ್ಬಾಳಿಕೆಯ ಪ್ರತಿಯೊಂದು ಕ್ರಿಯೆಗೂ ಮಾನವ ಕರ್ತೃವೊಬ್ಬನು ಉಳಿಯುತ್ತಾನೆ. ಅದೇ ಸಂಗತಿಯನ್ನು ಶಿಷ್ಟ ಗದ್ಯಕ್ಕೆ ಇಳಿಸಿದಾಗ ಆ ಕರ್ತೃವು ಮರೆಯಾಗುತ್ತಾನೆ. ಇನ್ನೊಂದೆಡೆ ಲಾವಣಿಯಲ್ಲಿ ಸ್ವಾತಂತ್ರ್ಯವೆಂಬ ನಾಮಪದವೇ ಇಲ್ಲ. ಆ ಅರ್ಥವನ್ನು ನಿಷೇಧ ರೂಪಗಳು ಹೊತ್ತಿವೆ. ಈ ಎರಡು ಸಂಗತಿಗಳ ಸಂಬಂಧವನ್ನು ವಿವರಿಸಿ, ಉಪಭಾಷೆಯ ಪಠ್ಯಗಳನ್ನು ಸಂಪಾದಿಸುವಾಗ ಮತ್ತು ಬೋಧಿಸುವಾಗ ಅದರಿಂದ ಹುಟ್ಟುವ ಪ್ರಶ್ನೆಗಳನ್ನು ಕೊನೆಯಲ್ಲಿ ಚರ್ಚಿಸಿದ್ದೇವೆ.

ಮುಖ್ಯ ಪದಗಳು: ಲಾವಣಿ, ಉತ್ತರ ಕರ್ನಾಟಕದ ಉಪಭಾಷೆ, ಲಿಂಗವಚನಾನ್ವಯ, ಭಾವೇ ಪ್ರಯೋಗ, ನಿಷೇಧ, ಎರವಲು ಪದ

1. ಪೀಠಿಕೆ

ದಬ್ಬಾಳಿಕೆಯನ್ನು ಕುರಿತ ಕವಿತೆಯೊಂದನ್ನು ಓದುವಾಗ ವಿಮರ್ಶಕನು ಮೊದಲು ಹುಡುಕುವುದು ಅದರ ನಿಲುವನ್ನು: ಕವಿ ಯಾರ ಪರ, ಯಾರ ವಿರುದ್ಧ ಎಂಬುದನ್ನು. ಭಾಷಾವಿಜ್ಞಾನಿಯು ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಚಿಕ್ಕದು, ಆದರೆ ಅದರ ಉತ್ತರ ಹೆಚ್ಚು ಖಚಿತ. ಹೊಡೆದವನು ವಾಕ್ಯದಲ್ಲಿ ಯಾವ ಸ್ಥಾನದಲ್ಲಿದ್ದಾನೆ? ಅವನು ಕರ್ತೃವೇ, ತೃತೀಯಾ ವಿಭಕ್ತಿಯಲ್ಲಿ ಬದಿಗೆ ಸರಿದ ಕರಣವೇ, ಅಥವಾ ವಾಕ್ಯದಿಂದಲೇ ಹೊರಗುಳಿದವನೇ? ಕಸಿದುಕೊಂಡ ವಸ್ತುವಿಗೆ ಯಾವ ವಿಭಕ್ತಿ? ಪ್ರತಿಭಟಿಸಿದವನ ಮಾತು ಯಾವ ಅರ್ಥದ ಕ್ರಿಯಾಪದದಲ್ಲಿ ಮುಗಿಯುತ್ತದೆ? ನಿಲುವು ಕವಿಯದಾಗಿರಬಹುದು, ಈ ಆಯ್ಕೆಗಳು ಬಹುಮಟ್ಟಿಗೆ ಭಾಷೆ ಒದಗಿಸಿದವು. ಒಂದು ಉಪಭಾಷೆ ಒದಗಿಸುವ ಆಯ್ಕೆಯನ್ನು ಇನ್ನೊಂದು ಒದಗಿಸದೆ ಇರಬಹುದು.

ಈ ಪ್ರಶ್ನೆಗಳಿಗೆ ‘ಹಲಗಲಿಯ ಬೇಡರು’ ಲಾವಣಿಯನ್ನು ಆರಿಸಿಕೊಂಡಿದ್ದೇವೆ. ಡಾ. ಬಿ.ಎಸ್. ಗದ್ದಗಿಮಠ ಅವರ ಜಾನಪದ ಗೀತೆಗಳ ಸಂಕಲನದ ಮೂಲಕ ಪ್ರಚಾರಕ್ಕೆ ಬಂದು, ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಸೇರಿದ ಈ ರಚನೆ ಓದುಗರಿಗೆ ಪರಿಚಿತವೇ ಆಗಿದೆ. ಆದ್ದರಿಂದ ಇಲ್ಲಿ ಸಾಲುಗಳನ್ನು ಉದ್ಧರಿಸಿಲ್ಲ. ಕ್ರಮಸಂಖ್ಯೆ ಕೊಟ್ಟಿರುವ ಉದಾಹರಣೆಗಳೆಲ್ಲ ಲಾವಣಿಯ ಸಾಲುಗಳಲ್ಲ; ಅಲ್ಲಿನ ವ್ಯಾಕರಣ ರೂಪಗಳನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ದಿನಬಳಕೆಯ ಮಾತಿನಲ್ಲಿ ತೋರಿಸಲು ನಾವೇ ರಚಿಸಿದ ವಾಕ್ಯಗಳು.

2. ಘಟನೆ, ಪ್ರದೇಶ ಮತ್ತು ಪಠ್ಯ

1857ರಲ್ಲಿ ಕಂಪನಿ ಸರಕಾರವು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ತಂದು, ಜನರು ತಮ್ಮಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ವಿಧಿಸಿತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದನ್ನು ನಿರಾಕರಿಸಿದರು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿತು. ಬೇಟೆಯನ್ನೂ ಕಾವಲನ್ನೂ ಕಸುಬಾಗಿ ಉಳ್ಳ ಸಮುದಾಯಕ್ಕೆ ಆಯುಧವೆಂದರೆ ಜೀವನೋಪಾಯ. ಈ ಸಂಗತಿ ಮುಂದಿನ ಚರ್ಚೆಗೆ ಮುಖ್ಯವಾದುದು.

ಹಲಗಲಿ ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿದೆ. ಆಡಳಿತದ ಗಡಿ ಹೇಗೇ ಇರಲಿ, ಭಾಷೆಯ ದೃಷ್ಟಿಯಿಂದ ಅದು ಘಟಪ್ರಭಾ ದಂಡೆಯ ಊರುಗಳ ಜೊತೆಗೆ ನಿಲ್ಲುತ್ತದೆ. ಈ ನದಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಜಲಾಶಯವಾಗಿ, ಗೋಕಾಕದಲ್ಲಿ ಜಲಪಾತವಾಗಿ ಧುಮುಕಿ, ಪೂರ್ವಕ್ಕೆ ಮುಧೋಳದತ್ತ ಹರಿಯುತ್ತದೆ. ಈಚೆಗೆ ಗೋಕಾಕ ತಾಲ್ಲೂಕಿನಿಂದ ಬೇರೆಯಾದ ಮೂಡಲಗಿಯು ಈ ಎರಡರ ನಡುವಿನ ಕೊಂಡಿ. ‘ಮನಿ’, ‘ತಲಿ’, ‘ಕೆರಿ’ಗಳಲ್ಲಿ ಕಾಣುವ ಪದಾಂತ್ಯದ ಇಕಾರ, ‘ಊರಾಗ’, ‘ಹೊಲದಾಗ’ಗಳ ಸಪ್ತಮಿ, ‘ಸಿಟ್ಟಿಲೆ’, ‘ಬಾಯಿಲೆ’ಗಳ ತೃತೀಯೆ, ‘ಐತಿ’ ಎಂಬ ನಪುಂಸಕ ಕ್ರಿಯಾಪದ ಇವೆಲ್ಲ ಈ ದಂಡೆಯ ಉದ್ದಕ್ಕೂ ಕೇಳಿಬರುತ್ತವೆ. ಯು.ಪಿ. ಉಪಾಧ್ಯಾಯ ಅವರ ತೌಲನಿಕ ಅಧ್ಯಯನವು ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಕನ್ನಡಗಳನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಬೆಳಗಾವಿ ಸೀಮೆಯ ಕನ್ನಡಕ್ಕೆ ಅಷ್ಟೇ ಗಮನ ಸಲ್ಲಬೇಕಾಗಿದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯವರಾದ ಆನಂದಕಂದ, ಅಂದರೆ ಬೆಟಗೇರಿ ಕೃಷ್ಣಶರ್ಮರು ಈ ಮಾತಿನ ಲಯವನ್ನು ಆಧುನಿಕ ಕಾವ್ಯಕ್ಕೆ ತಂದವರಲ್ಲಿ ಒಬ್ಬರು. ಆದರೆ ಅವರಿಗಿಂತ ಬಹಳ ಮೊದಲೇ ಲಾವಣಿಕಾರರು ಇದನ್ನು ಕಥನದ ಭಾಷೆಯಾಗಿ ಪಳಗಿಸಿದ್ದರು.

ಲಾವಣಿಯು ಮೇಳದ ಕಲೆ. ಮುಂದಾಳು ಡಪ್ಪು ಹಿಡಿದು ಹಾಡಿದರೆ ಹಿಂದಿನವರು ತುಂತುಣಿ ಮತ್ತು ತಾಳಗಳೊಡನೆ ದನಿಗೂಡಿಸುತ್ತಾರೆ. ನಾಗೇಶಿ-ಹರದೇಶಿಗಳ ವಾದದ ಹಾಡುಗಳಿಂದ ಹಿಡಿದು ಐತಿಹಾಸಿಕ ಕಥನಗಳವರೆಗೆ ಇದರ ವ್ಯಾಪ್ತಿ. ಕಿತ್ತೂರಿನ ಪತನ, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಗಲ್ಲು ಇವು ಈ ಸೀಮೆಯ ಹಾಡುಗಾರರಿಗೆ ಕಥಾವಸ್ತುವಾದವು. ಇಂಥ ಲಾವಣಿಗಳನ್ನು ಮೊದಲು ಸಂಗ್ರಹಿಸಿ, ಅನುವಾದ ಸಹಿತ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದವನು ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆದ ಜೆ.ಎಫ್. ಫ್ಲೀಟ್. ಅಧಿಕಾರದ ವಿರುದ್ಧದ ಹಾಡನ್ನು ಅಧಿಕಾರಿಯೇ ಲಿಪಿಗೆ ಇಳಿಸಿದನೆಂಬುದು ಆ ಪ್ರಕಾರದ ಇತಿಹಾಸದ ಒಂದು ಭಾಗ.

3. ಕರ್ತೃ ಉಳಿಯುವ ಬಗೆ

ಮೊದಲು ಮೂರು ವಾಕ್ಯಗಳನ್ನು ಗಮನಿಸೋಣ:

(1) ಊರಿಗೆ ಬೆಂಕಿ ಹಚ್ಚಲಾಯಿತು.
(2) ಊರಿಗಿ ಬೆಂಕಿ ಹಚ್ಚ್ಯಾರ.
(3) ಊರು ಸುಟ್ಟುಹೋತು.

(1) ಶಿಷ್ಟ ಗದ್ಯದ ವಾಕ್ಯ. ಪಠ್ಯಪುಸ್ತಕ, ಪತ್ರಿಕೆ, ಸರಕಾರಿ ವರದಿಗಳಲ್ಲಿ ಇದರ ಬಳಕೆ ಹೇರಳ. (2) ಮತ್ತು (3) ನಾವು ಚರ್ಚಿಸುತ್ತಿರುವ ಆಡುಮಾತಿನವು. ಮೂರರಲ್ಲಿಯೂ ಕರ್ತೃಪದವು ಬಾಯಿಬಿಟ್ಟು ಹೇಳಿದ್ದಲ್ಲ. ಆದರೂ ಮೂರೂ ಒಂದೇ ಅಲ್ಲ. (1)ರಲ್ಲಿ ‘-ಅಲಾಯಿತು’ ರೂಪದ ಆಖ್ಯಾತವು ನಪುಂಸಕ ಏಕವಚನ. ಅದು ಯಾವುದರೊಡನೆಯೂ ಅನ್ವಯಿಸದ ಪೂರ್ವನಿಯತ ರೂಪ. (2)ರಲ್ಲಿ ‘-ಆರ’ ಪ್ರತ್ಯಯವು ಮಾನವ ಬಹುವಚನವನ್ನು ಸೂಚಿಸುತ್ತದೆ. ಪದ ಬಿಟ್ಟುಹೋಗಿದ್ದರೂ ಹಚ್ಚಿದವರು ಮನುಷ್ಯರೆಂಬುದು ಕ್ರಿಯಾಪದದಲ್ಲಿಯೇ ಕೆತ್ತಿದೆ. (3)ರಲ್ಲಿ ಊರೇ ಕರ್ತೃ. ಸುಟ್ಟವರ ಪ್ರಸ್ತಾಪಕ್ಕೆ ಅಲ್ಲಿ ಜಾಗವೇ ಇಲ್ಲ.

ಈ ವ್ಯತ್ಯಾಸವನ್ನು ಸರ್ವನಾಮದ ಪರೀಕ್ಷೆಯಿಂದ ಸ್ಥಾಪಿಸಬಹುದು. (2)ರ ಬೆನ್ನಿಗೆ ‘ಅವರನ್ನ ಬಿಡಬಾರದು’ ಎಂದರೆ ‘ಅವರು’ ಯಾರೆಂಬುದು ಕೇಳುಗನಿಗೆ ಕೂಡಲೇ ತಿಳಿಯುತ್ತದೆ: ಬೆಂಕಿ ಹಚ್ಚಿದವರು. (1)ರ ಬೆನ್ನಿಗೆ ‘ಅವರನ್ನು ಬಿಡಬಾರದು’ ಎಂದರೆ ಆ ಸರ್ವನಾಮಕ್ಕೆ ವಾಕ್ಯದೊಳಗೆ ಆಸರೆ ಸಿಗುವುದಿಲ್ಲ. ಕೇಳುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕು. (3)ರಲ್ಲಿಯೂ ಹಾಗೆಯೇ. ಅಂದರೆ (2)ರ ಕರ್ತೃ ಅವ್ಯಕ್ತನಾಗಿದ್ದರೂ ವ್ಯಾಕರಣದಲ್ಲಿ ಜೀವಂತನಾಗಿದ್ದಾನೆ. ಮುಂದಿನ ವಾಕ್ಯವು ಅವನನ್ನು ಬೆರಳು ಮಾಡಿ ತೋರಿಸಬಲ್ಲುದು.

ಗೋಕಾಕ-ಹುಕ್ಕೇರಿ ಭಾಗದ ಸಹಜ ಮಾತಿನಲ್ಲಿ (1)ರ ಬಗೆಯ ಭಾವೇ ಪ್ರಯೋಗವಾಗಲಿ, ‘-ಅಲ್ಪಡು’ ಸೇರಿದ ಕರ್ಮಣಿ ಪ್ರಯೋಗವಾಗಲಿ ಬರುವುದಿಲ್ಲ. ಕರ್ತೃವನ್ನು ಹೇಳಬೇಡವೆಂದಾಗ ಜನರು (2)ನ್ನೋ (3)ನ್ನೋ ಆರಿಸಿಕೊಳ್ಳುತ್ತಾರೆ. ಸಕರ್ಮಕ ಕ್ರಿಯೆಯನ್ನು ಉಳಿಸಿಕೊಂಡೇ ಕರ್ತೃವನ್ನು ಅಳಿಸುವ ಅನುಕೂಲ ಈ ಮಾತಿಗೆ ಇಲ್ಲ. ಕನ್ನಡದ ವ್ಯಾಕರಣವನ್ನು ಕನ್ನಡದ ಒಳಗಿನಿಂದಲೇ ಕಟ್ಟಬೇಕೆಂಬ ಡಿ.ಎನ್. ಶಂಕರ ಭಟ್ಟರ ವಾದದ ಮಹತ್ವ ಇಂಥಲ್ಲಿ ಕಾಣುತ್ತದೆ. ‘ಪ್ರಯೋಗ’ಗಳ ಸಿದ್ಧ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಉಪಭಾಷೆಯಲ್ಲಿ ಒಂದು ಪ್ರಯೋಗದ ಕೊರತೆ ಕಾಣಬಹುದು. ಅದನ್ನೇ ತನ್ನ ನೆಲೆಯಲ್ಲಿ ನೋಡಿದರೆ ಕಾಣುವುದು ಕೊರತೆಯಲ್ಲ, ಹೊಣೆಗಾರನನ್ನು ಬಿಟ್ಟುಕೊಡದ ಒಂದು ವ್ಯವಸ್ಥೆ.

ಲಾವಣಿಯ ಕಥನ ಈ ವ್ಯವಸ್ಥೆಯ ಮೇಲೆ ನಿಂತಿದೆ. ಹುಕುಂ ಕಳಿಸಿದವರು, ಹತಾರ ಕಸಿಯಲು ಬಂದವರು, ಕುದುರೆ ಏರಿ ಬಂದವರು, ಗುಂಡು ಹಾರಿಸಿದವರು, ಮನೆ ಹೊಕ್ಕು ದೋಚಿದವರು, ಕೊಳ್ಳಿ ಇಟ್ಟವರು ಎಲ್ಲರೂ ಒಂದೊಂದು ಕ್ರಿಯಾಪದದ ತುದಿಯಲ್ಲಿ ಇದ್ದಾರೆ. ಅದೇ ರೀತಿ ಕಾರಕೂನನ ಕಪಾಳಕ್ಕೆ ಬಡಿದ ಬೇಡರೂ ತಮ್ಮ ಕ್ರಿಯೆಯ ಕರ್ತೃಗಳೇ. ಹೊಡೆದವರೂ ಕರ್ತೃಗಳು, ತಿರುಗಿ ಹೊಡೆದವರೂ ಕರ್ತೃಗಳು. ಕಥನದ ಈ ಸಮತೆಯಲ್ಲಿಯೇ ಬೇಡರ ಘನತೆ ಅಡಗಿದೆ. ಅವರು ಕೇವಲ ಅನುಭವಿಸಿದವರಾಗಿ ಚಿತ್ರಿತರಾಗಿಲ್ಲ.

4. ‘ಸರಕಾರ’ದ ಅನ್ವಯ

ಹುಕುಂ ಬಂದ ಸಂಗತಿಯನ್ನು ಹೇಳುವ ಆರಂಭದ ಭಾಗದಲ್ಲಿ ಒಂದು ಗಮನಾರ್ಹ ಅನ್ವಯವಿದೆ. ಅಲ್ಲಿ ಹುಕುಂ ಕಳಿಸಿದ್ದು ಕುಂಪಣಿ ಸರಕಾರ. ‘ಸರಕಾರ’ ನಪುಂಸಕ ನಾಮಪದ. ಈ ಉಪಭಾಷೆಯಲ್ಲಿ ಅದಕ್ಕೆ ಹೊಂದುವ ನಪುಂಸಕ ಕ್ರಿಯಾರೂಪವೂ ಸಿದ್ಧವಾಗಿದೆ:

(4) ಸರಕಾರ ರೊಕ್ಕಾ ಕೊಟ್ಟೈತಿ.
(5) ರೊಕ್ಕಾ ಕೊಟ್ಟಾರ, ಸರಕಾರದವರು.

ಲಾವಣಿಕಾರನು ನಪುಂಸಕ ರೂಪವನ್ನು ಬಿಟ್ಟು, ‘-ಯಾರ’ ಎಂದು ಕೊನೆಯಾಗುವ ಮಾನವ ಬಹುವಚನವನ್ನೇ ಬಳಸಿದ್ದಾನೆ. ಕರ್ತೃಪದವು ಕ್ರಿಯಾಪದದ ಆಚೆಗೆ, ಸಾಲಿನ ತುದಿಯಲ್ಲಿ ಬರುತ್ತದೆ. ಇದನ್ನು ಎರಡು ಬಗೆಯಲ್ಲಿ ವಿವರಿಸಬಹುದು. ಮೊದಲನೆಯದು ಅರ್ಥಾನುಸಾರಿ ಅನ್ವಯ: ರೂಪದಲ್ಲಿ ನಪುಂಸಕವಾದರೂ ಅರ್ಥದಲ್ಲಿ ಜನರ ಗುಂಪು ಆದುದರಿಂದ ‘ಸರಕಾರ’ ಮಾನವ ಬಹುವಚನವನ್ನು ಪಡೆದಿದೆ. ಎರಡನೆಯದು ಪಶ್ಚಾತ್ ನಿರ್ದೇಶ: ಕ್ರಿಯಾಪದದ ನಿಜವಾದ ಕರ್ತೃ ಹೇಳದೆ ಬಿಟ್ಟ ‘ಅವರು’, ಆಮೇಲೆ ಬರುವ ‘ಸರಕಾರ’ ಅದರ ಗುರುತನ್ನು ತಿಳಿಸುವ ಹಿಂಬರಹ. (5)ರಲ್ಲಿ ಅಲ್ಪವಿರಾಮದ ಆಚೆಗಿನ ಪದಕ್ಕೆ ಇರುವ ಸ್ಥಾನ ಇದೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಸರಕಾರ’, ‘ಹತಾರ’ಗಳ ಅಂತ್ಯಪ್ರಾಸಕ್ಕಾಗಿ ಪದಕ್ರಮ ತಿರುಗಿದೆ, ಇದರಲ್ಲಿ ಅರ್ಥ ಹುಡುಕುವುದು ಅತಿಯಾಯಿತು ಎನ್ನಬಹುದು. ಪ್ರಾಸವು ಪದಕ್ರಮವನ್ನು ವಿವರಿಸುತ್ತದೆ, ನಿಜ. ಆದರೆ ಕ್ರಿಯಾಪದದ ಪ್ರತ್ಯಯವನ್ನು ಅದು ವಿವರಿಸುವುದಿಲ್ಲ. ಕ್ರಿಯಾಪದವು ಪ್ರಾಸಸ್ಥಾನದಲ್ಲಿ ಇಲ್ಲ. ನಪುಂಸಕ ರೂಪವನ್ನು ಹಾಕಿದ್ದರೂ ತುದಿಯ ಪ್ರಾಸ ಕೆಡುತ್ತಿರಲಿಲ್ಲ. ಮೇಲಿನ ಎರಡು ವಿವರಣೆಗಳಲ್ಲಿ ನಮಗೆ ಎರಡನೆಯದು ಹೆಚ್ಚು ಸಮರ್ಪಕವಾಗಿ ತೋರುತ್ತದೆ. ಯಾವುದನ್ನು ಒಪ್ಪಿದರೂ ಫಲಿತ ಒಂದೇ: ದೂರದ ವಿಲಾಯಿತಿಯಿಂದ ಬಂದ ಆದೇಶಕ್ಕೂ ಈ ಭಾಷೆಯಲ್ಲಿ ಮನುಷ್ಯರೇ ಕಾರಣರು. ಸಂಸ್ಥೆಯೆಂಬ ಅಮೂರ್ತದ ಹಿಂದೆ ಅವರು ಅಡಗಿಕೊಳ್ಳಲು ವ್ಯಾಕರಣ ಬಿಡುವುದಿಲ್ಲ.

‘-ಯಾನ’, ‘-ಯಾರ’ ರೂಪಗಳ ಕಾಲಾರ್ಥವನ್ನೂ ಇಲ್ಲಿಯೇ ಹೇಳಬೇಕು. ಭೂತ ಕೃದಂತಕ್ಕೆ ಇರುವಿಕೆಯ ಅಂಶ ಸೇರಿ ಆದ ಈ ರೂಪಗಳು ಶಿಷ್ಟ ಕನ್ನಡದ ‘ಮಾಡಿದ್ದಾನೆ’, ‘ಮಾಡಿದ್ದಾರೆ’ಗಳಿಗೆ ಸಮೀಪ. ಕ್ರಿಯೆ ಮುಗಿದಿದೆ, ಅದರ ಫಲ ಮಾತಿನ ಹೊತ್ತಿಗೆ ಉಳಿದಿದೆ ಎಂಬುದು ಅವುಗಳ ಅರ್ಥ. ‘ಮಗ ಊರಿಗಿ ಬಂದಾನ’ ಎಂದರೆ ಅವನು ಈಗ ಊರಿನಲ್ಲಿದ್ದಾನೆ. ಲಾವಣಿಯಲ್ಲಿ ಇವು ಸರಳ ಭೂತದೊಡನೆ ಬೆರೆತು ಬರುತ್ತವೆ. ವರ್ಷಗಳ ಹಿಂದಿನ ಹುಕುಮನ್ನು ಈ ರೂಪದಲ್ಲಿ ಹಾಡಿದಾಗ, ಅದು ಕೇಳುಗರ ಎದುರಿಗೆ ಇನ್ನೂ ಜಾರಿಯಲ್ಲಿರುವ ಹುಕುಮಾಗಿ ನಿಲ್ಲುತ್ತದೆ. ಕ್ರಿಯಾಪದಗಳ ತುದಿಗೆ ಅಂಟುವ ‘-ಓ’ ಕೂಡ ಇದೇ ಕೆಲಸದ ಪಾಲುದಾರ. ಅಚ್ಚಾದ ಪುಟದಲ್ಲಿ ಅದು ಪಾದಪೂರಣದಂತೆ ಕಾಣಬಹುದು. ಆದರೆ ‘ಬಂದಾರೋ’, ‘ಹೋದರೋ’ ಎಂಬಲ್ಲಿ ಅದು ಎದುರಿನ ಜನರನ್ನು ಕರೆಯುವ ಸಂಬೋಧನೆ. ಕಥೆಯ ಕಾಲವನ್ನು ಮೇಳದ ಕಾಲಕ್ಕೆ ಕಟ್ಟುವ ಗಂಟು.

5. ಹತಾರ: ಎರವಲು ಪದದ ಎರಡು ಅರ್ಥ

ಅಧಿಕಾರಕ್ಕೆ ಸಂಬಂಧಿಸಿದ ಪದಗಳು ಲಾವಣಿಯಲ್ಲಿ ಬಹುಪಾಲು ಎರವಲು: ಹುಕುಂ, ಸರಕಾರ, ಕಾರಕೂನ, ಸಾಹೇಬ. ಅರಬಿ-ಪಾರಸಿ ಮೂಲದ ಈ ಪದಗಳು ಮರಾಠಿ ಆಡಳಿತದ ಹಾದಿಯಲ್ಲಿ ಈ ಸೀಮೆಗೆ ಬಂದವು. 1956ರವರೆಗೆ ಬೆಳಗಾವಿ ಮುಂಬಯಿ ಆಡಳಿತದಲ್ಲಿದ್ದುದರಿಂದ ‘ತಲಾಟಿ’, ‘ಮಾಮಲೇದಾರ’, ‘ಫೌಜದಾರ’ ಮೊದಲಾದವು ಇಲ್ಲಿನ ಮಾತಿನಲ್ಲಿ ಬೇರುಬಿಟ್ಟವು. ಆದರೆ ಎರವಲು ಪದಗಳು ಆಳುವವರ ಪಾಲು, ದೇಶ್ಯ ಪದಗಳು ಆಳಿಸಿಕೊಂಡವರ ಪಾಲು ಎಂಬ ಸರಳ ವಿಭಜನೆ ಇಲ್ಲಿ ನಿಲ್ಲುವುದಿಲ್ಲ. ಬೇಡರ ನಾಲ್ವರು, ಅಂದರೆ ಹನುಮ, ಬಾಲ, ಜಡಗ, ರಾಮರು ಕೂಡಿ ನಡೆಸುವ ಗುಟ್ಟಿನ ಆಲೋಚನೆಗೂ ಲಾವಣಿ ಬಳಸುವ ಪದ ‘ಮಸಲತ್ತು’, ಅದೂ ಎರವಲೇ. ದರ್ಬಾರಿನ ಪದ ಹಟ್ಟಿಗೆ ಬಂದಿದೆ.

ಎಲ್ಲಕ್ಕಿಂತ ಮುಖ್ಯವಾದುದು ‘ಹತಾರ’. ಮರಾಠಿಯ ‘ಹತ್ಯಾರ’ ಇಲ್ಲಿ ಯಕಾರವನ್ನು ಕಳೆದುಕೊಂಡು ಸರಳವಾಗಿದೆ. ಮರಾಠಿಯಲ್ಲಿ ಆ ಪದಕ್ಕೆ ಆಯುಧವೆಂಬ ಅರ್ಥವೂ ಇದೆ, ಕಸುಬಿನ ಸಲಕರಣೆಯೆಂಬ ಅರ್ಥವೂ ಇದೆ. ಕಾಯ್ದೆಯ ಕಣ್ಣಿಗೆ ಅದು ಮೊದಲನೆಯದು ಮಾತ್ರ. ಬೇಡರಿಗೆ ಅದು ಎರಡೂ ಹೌದು. ‘ಶಸ್ತ್ರ’ ಅಥವಾ ‘ಆಯುಧ’ ಎಂಬ ಸಂಸ್ಕೃತ ಪದದಿಂದ ಅದನ್ನು ಬದಲಿಸಿ ಸಾರಾಂಶ ಬರೆದಾಗ ಉಳಿಯುವುದು ಕಾಯ್ದೆಯ ಅರ್ಥ ಮಾತ್ರ. ಸಲಕರಣೆಯ ಅರ್ಥ ಬಿದ್ದುಹೋಗುತ್ತದೆ. ಆಗ ಹಲಗಲಿಯವರ ನಿರಾಕರಣೆಯು ಯುದ್ಧೋತ್ಸಾಹದಂತೆ ಕಾಣುತ್ತದೆ. ದುಡಿಮೆಯ ಕೈ ಕಟ್ಟಿಹಾಕಿದ್ದಕ್ಕೆ ಬಂದ ಪ್ರತಿಕ್ರಿಯೆಯಾಗಿ ಅದು ಕಾಣುವುದಿಲ್ಲ.

ಈ ಹತಾರಕ್ಕೆ ಲಾವಣಿ ಕೊಡುವ ವಿಶೇಷಣವನ್ನು ಗಮನಿಸಬೇಕು. ಈ ಉಪಭಾಷೆಯಲ್ಲಿ ಸಪ್ತಮಿಯ ಅರ್ಥವುಳ್ಳ ಒಂದು ವಿಶೇಷಣ ರೂಪವಿದೆ: ‘ಮನ್ಯಾನ ಮಂದಿ’, ‘ಊರಾನ ಹಿರಿಯಾರು’, ‘ಕೈಯಾನ ಕುಡಗೋಲು’. ಶಿಷ್ಟ ಕನ್ನಡದಲ್ಲಿ ಇದಕ್ಕೆ ‘ಮನೆಯಲ್ಲಿರುವ’, ‘ಕೈಯೊಳಗಿನ’ ಎಂದು ಉದ್ದವಾಗಿ ಹೇಳಬೇಕು. ಷಷ್ಠಿಯು ಒಡೆತನವನ್ನು ಹೇಳಿದರೆ ‘-ಆನ’ ರೂಪವು ವಸ್ತು ಇರುವ ತಾವನ್ನು ಹೇಳುತ್ತದೆ. ಲಾವಣಿಯ ಬೇಡರಿಗೆ ಹತಾರವು ಕೈಯೊಳಗಿನ ವಸ್ತು. ಒಡೆತನದ ವಸ್ತುವನ್ನು ಬೆಲೆ ಕೊಟ್ಟೋ ಕಾನೂನು ಹೇಳಿಯೋ ಬದಲಿಸಬಹುದು. ಕೈಯೊಳಗಿನದನ್ನು ಕೈಯಿಂದ ಕಿತ್ತೇ ತೆಗೆಯಬೇಕು. ಹತಾರ ಹೋಗುವುದನ್ನು ಜೀವ ಹೋಗುವುದಕ್ಕೆ ಸಮ ಮಾಡುವ ಅವರ ಮಾತಿಗೆ ಈ ವಿಶೇಷಣವು ಮುಂಚೆಯೇ ನೆಲ ಹದಗೊಳಿಸಿರುತ್ತದೆ.

ಇಂಗ್ಲಿಷ್ ಹೆಸರುಗಳಿಗೆ ಬಂದ ರೂಪವನ್ನೂ ಸಂಕ್ಷೇಪವಾಗಿ ಹೇಳಬಹುದು. ಲಾವಣಿಯಲ್ಲಿ ‘ಹ್ಯಾವ್‌ಲಾಕ್’ ‘ಹೆಬಲಕ’ನಾಗಿದ್ದಾನೆ: ವಕಾರಕ್ಕೆ ಬಕಾರ, ವ್ಯಂಜನಾಂತಕ್ಕೆ ಅಕಾರ. ಫಲವಾಗಿ ಅವನ ಹೆಸರು ಹನುಮ, ಜಡಗರ ಹೆಸರಿನ ಹಾಗೆಯೇ ಅಕಾರಾಂತ ಪುಲ್ಲಿಂಗವಾಗಿ ಕನ್ನಡದ ವಿಭಕ್ತಿಗಳನ್ನು ಹೊರುತ್ತದೆ. ಎದುರಾಳಿಯೂ ಊರಿನವರ ವ್ಯಾಕರಣಕ್ಕೆ ಒಳಪಟ್ಟಿದ್ದಾನೆ.

6. ನಾಮಪದವಿಲ್ಲದ ಸ್ವಾತಂತ್ರ್ಯ

ಪ್ರಚಲಿತ ಪಠ್ಯದಲ್ಲಿ ‘ಸ್ವಾತಂತ್ರ್ಯ’ ಎಂಬ ಪದವಿಲ್ಲ. ಅದಕ್ಕೆ ಸಮನಾದ ಬೇರೆ ಭಾವನಾಮವೂ ಇಲ್ಲ. ಹಾಗಾದರೆ ಇದನ್ನು ಸ್ವಾತಂತ್ರ್ಯದ ಕವಿತೆಯೆಂದು ಕರೆಯುವುದು ನಮ್ಮ ಕಾಲದ ಆರೋಪವೇ? ನಮ್ಮ ಉತ್ತರ: ಪದವನ್ನು ಹುಡುಕಬೇಕಾದಲ್ಲಿ ನಾವು ನಿಷೇಧ ರೂಪಗಳನ್ನು ಹುಡುಕಬೇಕು.

(6) ನಾ ಕೊಡಾಕ ಒಲ್ಲೆ.
(7) ನಾವು ಕೊಡೂದಿಲ್ಲ.
(8) ನಾವು ಕೊಡಬಾರದು.

(6)ರಲ್ಲಿ ‘ಒಲ್ಲೆ’ ಪುರುಷವಚನಗಳಿಗೆ ತಕ್ಕಂತೆ ಬದಲಾಗುತ್ತದೆ (ಒಲ್ಲೆ, ಒಲ್ಲಿ, ಒಲ್ಲ). ಅದು ಆಡುವವನ ಇಚ್ಛೆಯ ನಿರಾಕರಣೆ. (7) ಮುಂದೆ ಆಗದ ಕ್ರಿಯೆಯನ್ನು ತಿಳಿಸುವ ಹೇಳಿಕೆ. (8)ರ ‘-ಬಾರದು’ ಯಾರೊಡನೆಯೂ ಅನ್ವಯಿಸದು. ನಾನು, ನೀನು, ಅವರು ಎಲ್ಲಕ್ಕೂ ಅದು ಒಂದೇ. ಅದು ಹೇಳುವುದು ಇಚ್ಛೆಯನ್ನಲ್ಲ, ಕಟ್ಟಳೆಯನ್ನು. ಲಾವಣಿಯ ನಾಲ್ವರು ತಮ್ಮೊಳಗೆ ಮಾತಾಡಿ ತೀರ್ಮಾನಿಸುವಾಗ ಬಳಸುವುದು ಈ ಮೂರನೆಯ ರೂಪವನ್ನು. ಸಾಹೇಬನಿಗೆ ‘ಒಲ್ಲೆವು’ ಎಂದು ಹೇಳುವ ಮೊದಲು ಅವರು ಒಬ್ಬರಿಗೊಬ್ಬರು ‘ಬಾರದು’ ಎಂದುಕೊಳ್ಳುತ್ತಾರೆ. ಹೊರಗಿನಿಂದ ಬಂದ ಹುಕುಮಿಗೆ ಎದುರಾಗಿ ಒಳಗಿನಿಂದ ಒಂದು ಕಟ್ಟಳೆ ಹುಟ್ಟುತ್ತದೆ. ತಮಗೆ ತಾವೇ ವಿಧಿಸಿಕೊಳ್ಳಬಲ್ಲವರು ಎಂಬುದೇ ಇಲ್ಲಿ ಸ್ವಾತಂತ್ರ್ಯ. ‘ಸ್ವ’ ಮತ್ತು ‘ತಂತ್ರ’ಗಳಿಂದ ಆದ ಸಂಸ್ಕೃತ ಪದವು ಭಾವವಾಗಿ ಹೇಳುವುದನ್ನು ಈ ಹಾಡು ಕ್ರಿಯೆಯಾಗಿ ಮಾಡಿ ತೋರಿಸುತ್ತದೆ.

ಹೋಲಿಕೆಗೆ ಸಿದ್ಧಲಿಂಗಯ್ಯ ಅವರು ನಲವತ್ತೇಳರ ಸ್ವಾತಂತ್ರ್ಯವನ್ನು ಕುರಿತು ಬರೆದ ಪ್ರಸಿದ್ಧ ಹಾಡನ್ನು ನೆನೆಯಬಹುದು. ಅಲ್ಲಿ ಸ್ವಾತಂತ್ರ್ಯವು ನಾಮಪದ, ಪ್ರಥಮಾ ವಿಭಕ್ತಿಯಲ್ಲಿರುವ ಕರ್ತೃ, ಕ್ರಿಯಾಪದ ‘ಬರು’. ಕನ್ನಡದಲ್ಲಿ ಸಿಟ್ಟು, ನಿದ್ದೆ, ಜ್ವರ, ಸಂಬಳ ಎಲ್ಲವೂ ‘ಬರು’ತ್ತವೆ, ಪಡೆದವನು ಚತುರ್ಥಿಯಲ್ಲಿ ನಿಂತಿರುತ್ತಾನೆ. ‘ದೇಶಕ್ಕೆ ಸ್ವಾತಂತ್ರ್ಯ ಬಂತು’ ಎಂಬ ರೂಢಿಯ ವಾಕ್ಯದಲ್ಲಿ ತಂದವರೂ ಇಲ್ಲ, ಪಡೆದ ಮನುಷ್ಯರೂ ಇಲ್ಲ. ಆ ಹಾಡು ಈ ವಾಕ್ಯವನ್ನು ತಿರಸ್ಕರಿಸುವುದಿಲ್ಲ. ಅದರ ಚತುರ್ಥಿ ಸ್ಥಾನಕ್ಕೆ ಪ್ರಶ್ನಾರ್ಥಕ ಸರ್ವನಾಮವನ್ನು ತಂದು ಕೂರಿಸುತ್ತದೆ. ಲಾವಣಿಯು ದಬ್ಬಾಳಿಕೆಯ ಕರ್ತೃ ಯಾರೆಂದು ಹೇಳುತ್ತದೆ. ಆಧುನಿಕ ಹಾಡು ಸ್ವಾತಂತ್ರ್ಯದ ಗ್ರಾಹಕ ಯಾರೆಂದು ಕೇಳುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ಎರಡೂ ಒತ್ತುವುದು ಒಂದೇ ಬಿಂದುವನ್ನು: ವಾಕ್ಯದಲ್ಲಿ ಬರಿದಾಗಿ ಬಿಟ್ಟ ಮನುಷ್ಯಸ್ಥಾನವನ್ನು.

7. ಯಾದಿ ಮತ್ತು ಅಳಲು

ಲಾವಣಿಯ ಉತ್ತರಾರ್ಧದಲ್ಲಿ ದೋಚಿದ ವಸ್ತುಗಳ ಒಂದು ಪಟ್ಟಿ ಬರುತ್ತದೆ. ಕುಡಗೋಲು, ಕೊಡಲಿಗಳಿಂದ ಹಿಡಿದು ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಬೀಸುವ ಕಲ್ಲಿನವರೆಗೆ, ಕೊನೆಗೆ ಮಂಗಳಸೂತ್ರದವರೆಗೂ ಅದು ಬೆಳೆಯುತ್ತದೆ. ವ್ಯಾಕರಣದ ದೃಷ್ಟಿಯಿಂದ ಇದು ಕವಿತೆಯ ಅತ್ಯಂತ ಬರಿಯ ಭಾಗ: ದ್ವಿತೀಯಾ ಪ್ರತ್ಯಯವಿಲ್ಲ, ‘ಊ’ ಸಮುಚ್ಚಯವಿಲ್ಲ, ವಿಶೇಷಣಗಳೂ ಇಲ್ಲವೆನ್ನುವಷ್ಟು ಕಡಿಮೆ. ಅಚೇತನ ಕರ್ಮಕ್ಕೆ ಪ್ರತ್ಯಯ ಹತ್ತದಿರುವುದು ಕನ್ನಡದಲ್ಲಿ ಸಾಮಾನ್ಯ. ಆದರೆ ಇಷ್ಟೊಂದು ಬರಿಯ ನಾಮಪದಗಳು ಸಾಲಾಗಿ ನಿಂತಾಗ ಅವು ವಾಕ್ಯದ ಕರ್ಮವಾಗಿರುವುದಕ್ಕಿಂತ ಹೆಚ್ಚಾಗಿ ಯಾದಿಯ ನಮೂದುಗಳಾಗುತ್ತವೆ.

ಯಾದಿಯು ಕಾರಕೂನನ ಪ್ರಕಾರ. ಜಪ್ತಿ ಮಾಡಿದ ವಸ್ತುಗಳನ್ನು ಬರೆದಿಡುವುದು ಅಧಿಕಾರದ ಭಾಷೆ. ಹಾಡುಗಾರನು ಆ ಪ್ರಕಾರವನ್ನೇ ಎತ್ತಿಕೊಂಡು, ಅಧಿಕಾರವು ಬರೆಯದೆ ಬಿಡುವ ವಸ್ತುಗಳಿಂದ ಅದನ್ನು ತುಂಬಿದ್ದಾನೆ. ಹತಾರ ಕಸಿಯಲು ಬಂದವರು ಉಪ್ಪು, ಎಣ್ಣೆಯನ್ನೂ ಬಿಡಲಿಲ್ಲ ಎಂದು ಅವನು ಟೀಕೆ ಮಾಡುವುದಿಲ್ಲ. ಪಟ್ಟಿಯೇ ಆ ಟೀಕೆ. ಪಟ್ಟಿಯ ಬಹುಭಾಗ ಅಡುಗೆಮನೆಯದು, ಹೆಂಗಸರ ದುಡಿಮೆಯ ಲೋಕದ್ದು. ಇಲ್ಲಿಯೇ ಲಾವಣಿಯ ಮಿತಿಯೂ ಕಾಣುತ್ತದೆ. ಹೆಸರು ಹಿಡಿದು ಕರೆದ ವೀರರೆಲ್ಲ ಗಂಡಸರು. ಹೆಂಗಸರ ಲೋಕ ವಸ್ತುಗಳ ಮೂಲಕ ಮಾತ್ರ ಪ್ರವೇಶ ಪಡೆದಿದೆ. ಕರ್ತೃಸ್ಥಾನವನ್ನು ಅಷ್ಟು ಜತನದಿಂದ ಕಾಯುವ ಈ ಕವಿತೆಯೂ ಅದನ್ನು ಎಲ್ಲರಿಗೂ ಸಮನಾಗಿ ಹಂಚಿಲ್ಲ.

ಊರನ್ನು ಸುಟ್ಟ ಮೇಲೆ, ಮುಕ್ತಾಯದ ಕಡೆಗೆ ಕ್ರಿಯಾಪದಗಳ ಸ್ವರೂಪ ಬದಲಾಗುತ್ತದೆ. ಸಕರ್ಮಕಗಳು ಹಿಂದೆ ಸರಿದು ‘ಹಾಳಾಗು’, ‘ಕಾಣದೆ ಹೋಗು’ ಬಗೆಯ ಅಕರ್ಮಕಗಳು ಮುಂದೆ ಬರುತ್ತವೆ; (2)ರಿಂದ (3)ಕ್ಕೆ ಹೊರಳಿದಂತೆ. ಇದನ್ನು ನಮ್ಮ ಮೇಲಿನ ವಾದಕ್ಕೆ ವಿರುದ್ಧವಾದ ಸಾಕ್ಷ್ಯವೆಂದು ಭಾವಿಸಬೇಕಾಗಿಲ್ಲ. ಸುಟ್ಟವರು ಯಾರೆಂಬುದು ಆಗಲೇ ಹೇಳಿಯಾಗಿದೆ. ಆರೋಪ ಮುಗಿದ ಮೇಲೆ ಉಳಿಯುವುದು ಅಳಲು; ಅಳಲಿಗೆ ಊರೇ ಕರ್ತೃವಾಗಬೇಕು. ಕರ್ತೃವನ್ನು ಮೊದಲು ಹೇಳಿ ಆಮೇಲೆ ಬಿಡುವುದಕ್ಕೂ ಮೊದಲಿನಿಂದಲೇ ಹೇಳದಿರುವುದಕ್ಕೂ ಬಹಳ ಅಂತರವಿದೆ. ಕೊನೆಗೆ ಕುರ್ತಕೋಟಿಯ ಕಲ್ಮೇಶನ ಅಂಕಿತದೊಡನೆ ಹಾಡು ಮುಗಿಯುತ್ತದೆ. ಹೇಳಿದವನು ಯಾರೆಂಬುದರ ಹೊಣೆಯನ್ನೂ ಹಾಡು ಹೀಗೆ ಹೊತ್ತುಕೊಂಡಿದೆ.

8. ಸಂಪಾದನೆ ಮತ್ತು ಬೋಧನೆ

ಈ ವಿಶ್ಲೇಷಣೆಯಿಂದ ಎರಡು ವ್ಯಾವಹಾರಿಕ ಪ್ರಶ್ನೆಗಳು ಹುಟ್ಟುತ್ತವೆ. ಮೊದಲನೆಯದು ಸಂಪಾದನೆಯದು. ಉಪಭಾಷೆಯ ಪಠ್ಯವನ್ನು ಅಚ್ಚಿಗೆ ಸಿದ್ಧಪಡಿಸುವಾಗ ಸ್ವರಗಳನ್ನೂ ಪ್ರತ್ಯಯಗಳನ್ನೂ ಅಲ್ಲಲ್ಲಿ ಶಿಷ್ಟರೂಪಕ್ಕೆ ತಿದ್ದುವ ರೂಢಿ ಇದೆ. ‘ಮನಿ’ಯನ್ನು ‘ಮನೆ’ ಮಾಡಿದರೆ ಧ್ವನಿಯ ಒಂದು ಸೊಗಸು ಹೋಗಬಹುದು, ಅರ್ಥ ಹೋಗದು. ‘-ಯಾರ’ವನ್ನು ‘-ಇದರು’ ಮಾಡಿದರೆ ಕಾಲಾರ್ಥ ಹೋಗುತ್ತದೆ. ‘-ಆನ’ವನ್ನು ಷಷ್ಠಿ ಮಾಡಿದರೆ ಕೈಗೂ ಹತಾರಕ್ಕೂ ಇರುವ ಸಂಬಂಧ ಬದಲಾಗುತ್ತದೆ. ತಿದ್ದುಪಡಿಗಳೆಲ್ಲ ಒಂದೇ ತೂಕದವಲ್ಲ. ಯಾವುದು ಧ್ವನಿಯದು, ಯಾವುದು ವ್ಯಾಕರಣದ್ದು ಎಂದು ಸಂಪಾದಕನು ಬೇರ್ಪಡಿಸಿ ನೋಡಬೇಕು.

ಎರಡನೆಯದು ತರಗತಿಯದು. ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ವಿದ್ಯಾರ್ಥಿನಿಗೆ ಈ ಲಾವಣಿಯ ಭಾಷೆ ಮನೆಯ ಭಾಷೆ. ಪರೀಕ್ಷೆಯ ಉತ್ತರವನ್ನು ಮಾತ್ರ ಅವಳು ಶಿಷ್ಟ ಗದ್ಯದಲ್ಲಿ ಬರೆಯಬೇಕು. ‘ಆಯುಧಗಳನ್ನು ವಶಪಡಿಸಿಕೊಳ್ಳಲಾಯಿತು, ಊರನ್ನು ಸುಡಲಾಯಿತು, ಬಂಡುಕೋರರನ್ನು ಗಲ್ಲಿಗೇರಿಸಲಾಯಿತು’ ಎಂದು ಅವಳು ಬರೆದರೆ ಉತ್ತರ ಸರಿಯಾಗಿಯೇ ಇರುತ್ತದೆ, ಅಂಕಗಳೂ ಬರುತ್ತವೆ. ಆದರೆ ಹಾಡು ಹೇಳಿದ್ದ ಅತಿ ಮುಖ್ಯ ಸಂಗತಿಯನ್ನು ಅವಳು ಆ ಮೂರು ವಾಕ್ಯಗಳಲ್ಲಿ ಬಿಟ್ಟುಕೊಟ್ಟಿರುತ್ತಾಳೆ. ಶಿಷ್ಟ ಕನ್ನಡದಲ್ಲಿಯೂ ‘ಸೈನಿಕರು ಊರನ್ನು ಸುಟ್ಟರು’ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ದೋಷ ಶಿಷ್ಟ ಭಾಷೆಯದಲ್ಲ. ಕರ್ತೃವನ್ನು ಬಿಡುವುದೇ ಗಂಭೀರ ಗದ್ಯದ ಲಕ್ಷಣವೆಂದು ನಾವು ಕಲಿಸುತ್ತಿರುವುದು ದೋಷ. ಸಾರಾಂಶವನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ, ಬಳಿಕ ಶಿಷ್ಟರೂಪಕ್ಕೆ ತರಿಸಿ, ಆ ಹಾದಿಯಲ್ಲಿ ಯಾವ ಯಾವ ಕರ್ತೃಗಳು ಕಳೆದುಹೋದರೆಂದು ವಿದ್ಯಾರ್ಥಿಗಳಿಂದಲೇ ಎಣಿಸುವುದು ಒಳ್ಳೆಯ ವ್ಯಾಕರಣ ಪಾಠವಾದೀತು.

9. ಉಪಸಂಹಾರ

ನಮ್ಮ ವಿಶ್ಲೇಷಣೆ ಒಂದೇ ಲಾವಣಿಯ ಅಚ್ಚಾದ ಪಠ್ಯವನ್ನು ಆಧರಿಸಿದೆ. ಹಾಡಿಕೆಯ ಪಾಠಾಂತರಗಳಲ್ಲಿ, ರಾಯಣ್ಣನ ಹಾಗೂ ಕಿತ್ತೂರಿನ ಲಾವಣಿಗಳಲ್ಲಿ ಇದೇ ಅನ್ವಯಗಳು ಎಷ್ಟರಮಟ್ಟಿಗೆ ಕಾಣುತ್ತವೆ ಎಂಬುದು ಮುಂದಿನ ಅಧ್ಯಯನಕ್ಕೆ ತಕ್ಕ ವಿಷಯ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು: ಈ ಲಾವಣಿಯಲ್ಲಿ ದಬ್ಬಾಳಿಕೆಯು ಒಂದು ಸ್ಥಿತಿಯಲ್ಲ, ಯಾರೋ ಮಾಡಿದ ಕೆಲಸಗಳ ಸರಣಿ, ಸ್ವಾತಂತ್ರ್ಯವು ಒಂದು ವಸ್ತುವಲ್ಲ, ಕೂಡಿ ಕುಳಿತವರು ತಮಗೆ ತಾವೇ ಆಡಿಕೊಂಡ ‘ಬಾರದು’. ಘಟಪ್ರಭಾ ದಂಡೆಯ ಕನ್ನಡವು ಈ ಎರಡನ್ನೂ ತನ್ನ ಕ್ರಿಯಾಪದದ ತುದಿಯಲ್ಲಿ ಹಿಡಿದಿಟ್ಟಿದೆ. ಅದನ್ನು ಗ್ರಾಮ್ಯವೆಂದು ತಿದ್ದುವ ಮುನ್ನ, ತಿದ್ದಿದ ವಾಕ್ಯದಲ್ಲಿ ಊರು ಸುಟ್ಟವರು ಇನ್ನೂ ಇದ್ದಾರೆಯೇ ಎಂದು ನೋಡಿಕೊಳ್ಳಬೇಕು.